ಪರದೆಯ ಹಿಂದೆ ಮೂರು ದನಿ

ಊರಿನ ಬಾಗಿಲು, ನಲ್ಲಿ, ಲಿಫ್ಟುಗಳೆಲ್ಲ ದನಿ ಕೇಳಿಯೇ ತೆರೆದುಕೊಳ್ಳುವ ಕಾಲ. ಹೆಣ್ಣೆಂದು ಬೆಳೆಸಿದ್ದ ಇಂದುಧರ ಗಂಡಾಗಿ ಬಾಳತೊಡಗಿ, ಔಷಧಿಗೆ ದನಿ ಒಡೆದಿದ್ದೇ ತಡ, ಸ್ವಂತ ಮನೆಯ ಬಾಗಿಲೇ ಅವನನ್ನು ಗುರುತಿಸದಾಯಿತು.

ಪಾಲಿಕೆಯ ಲಿಂಗತ್ವ ಅಲ್ಪಸಂಖ್ಯಾತರ ಶಾಖೆಯಲ್ಲಿ ಇದಕ್ಕೊಂದು ಪದ್ಧತಿಯಿತ್ತು. ಪರದೆಯ ಹಿಂದೆ ಮೂವರು ಮಾತಾಡಬೇಕು, ಹೆತ್ತವರು ತಮ್ಮವರ ದನಿಯನ್ನು ಗುರುತಿಸಬೇಕು. ಸರಿಯಾದರೆ ಹೊಸ ದನಿ ದಾಖಲಾಗುತ್ತದೆ; ತಪ್ಪಿದರೆ ಇನ್ನೊಂದು ವರ್ಷ ಹಳೆಯ ದನಿಯೇ ಕಾಯಂ. ಅಂದರೆ ಬಾಗಿಲ ಹೊರಗೆ.

ಪರದೆಯ ಹಿಂದೆ ಇಬ್ಬರು ಗುಮಾಸ್ತರ ಪಕ್ಕ ಇಂದುಧರ ನಿಂತಿದ್ದ. ದನಿ ಒಡೆದಂದಿನಿಂದ ಅವ್ವ ನೀಲವ್ವ ಅವನನ್ನು ಮಗಳೆಂದೂ ಕರೆದಿರಲಿಲ್ಲ, ಮಗನೆಂದೂ ಇಲ್ಲ. ಊಟಕ್ಕೆ ತಾಟು ಕುಕ್ಕಿ ಕರೆಯುತ್ತಿದ್ದಳು. ಇಲ್ಲಿಗೆ ಬಂದದ್ದೇ ಹೆಚ್ಚು.

ಮೂವರೂ ಸರದಿಯಂತೆ "ಬಾಗಿಲು ತೆಗಿ" ಎಂದರು. ಇಂದುಧರನದು ಮೂರನೆಯದು. ಅದೂ ನಡುವೆ ಕೀರಲಾಯಿತು.

ಆಚೆಯಿಂದ ನೀಲವ್ವನ ಮಾತು: "ಎರಡನೇದು."

ಅದು ಗುಮಾಸ್ತನೊಬ್ಬನ ದನಿ.

"ಖರೇನ ಏನವ್ವಾ? ಒಮ್ಮೆ ಬರಕೊಂಡ್ರ ಮುಗೀತು ನೋಡ್ರಿ," ಎಂದಳು ಅಧಿಕಾರಿ ಜುಲೇಖಾ.

"ಬರಕೋರಿ. ಗಡಸ ಐತಿ, ಚಂದ ಐತಿ. ನನ್ನ ಮಗಗ ಅದನ್ನ ಕೊಡ್ರಿ."

"ಅಯ್ಯ, ಇದು ಆರಿಸೂದಲ್ಲವ್ವಾ, ಗುರ್ತು ಹಿಡಿಯೂದು! ನಿಮ್ಮ ಮಗಂದು ಯಾವುದು?"

"ಮೂರನೇದು. ಅಷ್ಟೂ ತಿಳೀದೇನ್ರೀ ನನಗ?" ನೀಲವ್ವ ರೇಗಿದಳು. "ಅದು ಒಡಕ ಐತಿ ಅಂತನ ಬ್ಯಾರೇದ ಕೇಳಾಕತ್ತೀನಿ. ಇಲ್ಲಾಂದ್ರ ಈ ಮೂರು ಮಾಳಿಗಿ ಯಾಕ ಹತ್ತಿ ಬರ್ತಿದ್ದೆ?"