ಸಿಗಡಿ ಚಿಪ್ಸು ತಿಂದ ಮಧ್ಯಾಹ್ನ

ಆಫೀಸಿನಲ್ಲಿ ಯಾರಾದರೂ ಸಿಗಡಿ ಚಿಪ್ಸಿನ ಪ್ಯಾಕೆಟ್ಟು ತೆರೆದರೆ, ನನ್ನ ಕೈ ಈಗಲೂ ತುಟಿ ಮುಟ್ಟಿ ನೋಡಿಕೊಳ್ಳುತ್ತದೆ.

ಆಗ ನನಗೆ ಎಂಟು ವರ್ಷ. ನಾವು ವಿದೇಶದಲ್ಲಿ ನೆಲೆಸಿದ್ದ ಊರು ಲಾಸ್ ಆಲ್ಟೋಸ್‌ನಲ್ಲಿ ಗೆಳತಿ ಯೂಕಿಯ ಮನೆಗೆ ಆಡಲು ಹೋದವಳು, ಮೈತುಂಬ ಗೀರುಗಳಿದ್ದ ಆ ಉಪ್ಪುಪ್ಪಾದ ಕಡ್ಡಿಗಳನ್ನು ಮುಷ್ಟಿಗಟ್ಟಲೆ ತಿಂದೆ. ಪ್ಯಾಕೆಟ್ಟಿನ ಮೇಲೆ ಕೆಂಪು ಸಿಗಡಿಯ ಚಿತ್ರವಿತ್ತು. ಮೊಟ್ಟೆಯನ್ನೂ ತರದ ಮನೆ ನಮ್ಮದು. ಚಿತ್ರವನ್ನು ಕಂಡೂ ಕಾಣದವಳಂತೆ ತಿಂದೆ.

ಅಮ್ಮ ಕಾರಿನಲ್ಲಿ ಕರೆದುಕೊಂಡು ಹೊರಡುವಷ್ಟರಲ್ಲಿ ತುಟಿ ದಪ್ಪಗಾಗಿ ಗಂಟಲು ಕೆರೆಯುತ್ತಿತ್ತು. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ ಗಾಬರಿಯಾದಳು.

"ಏನು ತಿಂದೆ ಪುಟ್ಟಿ? ಸರಿಯಾಗಿ ನೆನಪು ಮಾಡ್ಕೊ."

"ನಥಿಂಗ್, ಅಮ್ಮ," ಎಂದೆ.

ಅವಳು ಫ್ರೀವೇ ಬಿಟ್ಟು ಆಸ್ಪತ್ರೆಯ ಕಡೆಗೆ ಕಾರು ತಿರುಗಿಸಿದಳು. ಡಾಕ್ಟರೂ ಅದನ್ನೇ ಕೇಳಿದರು. ಉಸಿರಾಡಿದರೆ ಎದೆಯಲ್ಲಿ ಸಿಳ್ಳೆ ಹೊಡೆದಂತೆ ಕೇಳುತ್ತಿತ್ತು. ಆದರೂ ನನಗೆ ಭಯವಿದ್ದದ್ದು ಅಮ್ಮನದೇ. ಅವಳ ಮುಖ ನೋಡದೆ "ಶ್ರಿಂಪ್" ಎಂದೆ. ಬೆನ್ನು ಸವರುತ್ತಿದ್ದ ಅವಳ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಸವರತೊಡಗಿತು. ತೊಡೆಗೆ ಇಂಜೆಕ್ಷನ್ನು ಕೊಟ್ಟರು.

ಮನೆಗೆ ಬಂದ ಮೇಲೂ ಅಮ್ಮ ಬೈಯಲಿಲ್ಲ. ಯಾವಾಗ ಬೈಯುತ್ತಾಳೋ ಎಂದು ಕಾಯುವುದೇ ಕಷ್ಟವಾಯಿತು. ಮರುದಿನ ಬೆಳಿಗ್ಗೆ ಮೈಸೂರಿನಿಂದ ಅಜ್ಜಿ ವಿಡಿಯೋ ಕಾಲ್ ಮಾಡಿದರು.

"ಮಗು ಮುಖ ಯಾಕೆ ಹಾಗೆ ಊದ್ಕೊಂಡಿದೆ?" ಎಂದು ಕೇಳಿದರು.

ನಾನು ತಲೆ ತಗ್ಗಿಸಿದೆ. ದೇವರ ಮುಂದೆ ದೀಪ ಹಚ್ಚುತ್ತಿದ್ದ ಅಮ್ಮ, ತಿರುಗಿ ನೋಡದೆಯೇ ಹೇಳಿದಳು:

"ಸೊಳ್ಳೆ ಕಚ್ಚಿದೆ ಅಮ್ಮ, ಏನಿಲ್ಲ."