ತಣ್ಣಗಾದ ಅಂಗೈ

ನಾಯಿಯ ಭಯ ಹಗ್ಗದ ಮೂಲಕ ಹಿಡಿದವರ ಅಂಗೈಗೆ ಇಳಿಯತೊಡಗಿದ ಮೇಲೆ ಹುಬ್ಬಳ್ಳಿಯಲ್ಲಿ ಯಾರೂ ನಾಯಿಯನ್ನು ಜಗ್ಗುವುದಿಲ್ಲ. ಅಂಗೈ ತಣ್ಣಗಾದರೆ ನಿಲ್ಲುತ್ತಾರೆ. ಎರಡು ಹೆಜ್ಜೆ ಹಿಂದೆ ಸರಿದು ರೊಟ್ಟಿಯ ಚೂರು ಕೊಟ್ಟು, ಕೈ ಬೆಚ್ಚಗಾಗುವವರೆಗೆ ಕಾಯುತ್ತಾರೆ.

ನೀಲವ್ವನ ನಾಯಿ ಬುಂದಿಗೆ ಮೊದಲು ಆಟೋ ಕಂಡರೂ ನಡುಕ. ಇವತ್ತು ಇಬ್ಬರೂ ಮಾರ್ಕೆಟ್ಟು ದಾಟಿ ನೀಲವ್ವನ ತಂಗಿಯ ಮನೆಯವರೆಗೂ ಬಂದಿದ್ದರು. ಅವ್ವ ತೀರಿಕೊಂಡಾಗ ಅಕ್ಕತಂಗಿಯರು ಜಗಳವಾಡಿ ಮಾತು ಬಿಟ್ಟಿದ್ದರು. ಗೇಟಿನ ಮುಂದೆ ನೀಲವ್ವನ ಅಂಗೈ ಮಂಜುಗಡ್ಡೆಯಂತಾಯಿತು.

"ಅಂಜಬ್ಯಾಡ ಕೂಸ, ಇಲ್ಲಿ ಯಾರೂ ಏನೂ ಮಾಡಂಗಿಲ್ಲ," ಎನ್ನುತ್ತ ಹಿಂದೆ ಸರಿದು ಚೂರು ಹಾಕಿದಳು. ಬುಂದಿ ಬಾಲ ಅಲ್ಲಾಡಿಸುತ್ತ ತಿಂದಿತು. ಕೈ ಬೆಚ್ಚಗಾಗಲಿಲ್ಲ.

"ಬಾಲ ಆಡಸಾಕತ್ತಿ, ಮತ್ತ ಯಾಕ ಇಷ್ಟು ಅಂಜಿಕಿ?"

ಇನ್ನೊಂದು ಚೂರು ಹಾಕಿದಳು. ಆಮೇಲೆ ಏನೋ ಅನುಮಾನ ಬಂದು ಹಗ್ಗವನ್ನು ನೆಲಕ್ಕೆ ಬಿಟ್ಟಳು. ಅಂಗೈ ಇನ್ನೂ ತಣ್ಣಗೇ ಇತ್ತು.

ಬುಂದಿ ತಲೆಯೆತ್ತಿ ಅವಳ ಮುಖ ನೋಡಿತು. ಬಾಯಲ್ಲಿದ್ದ ಚೂರನ್ನು ನುಂಗದೆ ಅವಳ ಪಾದದ ಹತ್ತಿರ ಇಟ್ಟಿತು. ಎರಡು ಹೆಜ್ಜೆ ಹಿಂದೆ ಸರಿದು ಕುಳಿತು, ಕಾಯತೊಡಗಿತು.