ದಾರಿಗೆ ಅಡ್ಡ ನಿಂತ ಸ್ಕೂಟರ್

ಇಪ್ಪತ್ತಮೂರು ದಿನಗಳಿಂದ ಈ ವಾರ್ಡಿನಲ್ಲಿ ಒಬ್ಬರೂ ಸತ್ತಿಲ್ಲ, ಹೀಗಾದರೆ ಆಸ್ಪತ್ರೆ ನಡೆಸುವುದು ಹೇಗೆ ಎಂದು ಸೂಪರಿಂಟೆಂಡೆಂಟರು ಸಿಸ್ಟರನ್ನು ತರಾಟೆಗೆ ತೆಗೆದುಕೊಂಡರು. ಕರೆಸಿದರೆ ಅವಳು ಕುರ್ಚಿ ಬಿಟ್ಟು ಬರುವುದಿಲ್ಲವೆಂದು ಗೊತ್ತಿದ್ದುದರಿಂದ ಅವರೇ ಮೂರು ಮಹಡಿ ಹತ್ತಿ ಬಂದಿದ್ದರು. ಇನ್ನು ಔಷಧಿಯಿಂದ ಆಗುವುದೇನೂ ಇಲ್ಲ ಎನ್ನಿಸಿಕೊಂಡವರು ನೋವಿಲ್ಲದೆ ಹೋಗಲಿ ಎಂದು ಮಾಡಿದ ಆರು ಮಂಚದ ವಾರ್ಡು ಅದು. ಹೊರಗೆ ಹನ್ನೊಂದು ಜನ ಸರದಿಯಲ್ಲಿದ್ದರು. ಒಳಗಿದ್ದ ಆರು ಜನಕ್ಕೆ ವಾಸಿಯೇನೂ ಆಗಿರಲಿಲ್ಲ, ಹೋಗಿರಲಿಲ್ಲ, ಅಷ್ಟೆ.

ಅವರು ಹೋಗುವುದಾದರೂ ಹೇಗೆ? ಇಪ್ಪತ್ತಮೂರು ದಿನಗಳ ಹಿಂದೆ ತಾನೇ ಕೇಳಿಕೊಂಡು ಈ ವಾರ್ಡಿಗೆ ವರ್ಗವಾಗಿ ಬಂದ ಸಿಸ್ಟರ್, ಮೊದಲ ದಿನವೇ ಆರೂ ಮಂಚಗಳನ್ನು ಎಳೆಸಿ ತನ್ನ ಕುರ್ಚಿಯ ಸುತ್ತ ಹಾಕಿಸಿಕೊಂಡಿದ್ದಳು. ಯಾರ ಉಸಿರು ಸ್ವಲ್ಪ ಏರುಪೇರಾದರೂ ಮಣಿಕಟ್ಟು ಹಿಡಿದು ಕಣ್ಣು ಮಿಟುಕಿಸದೆ ಮುಖ ನೋಡುತ್ತ ಕೂರುತ್ತಿದ್ದಳು. ಹಾಗೆ ನೋಡಿಸಿಕೊಂಡವರಿಗೆ ಸಾಯಲು ಸಂಕೋಚವಾಗುತ್ತಿತ್ತು. ಊಟ ನಿದ್ದೆ ಎಲ್ಲ ಕುರ್ಚಿಯಲ್ಲೇ. ಸ್ನಾನಕ್ಕೆ ಹೋದರೆ ಒಳಗಿನಿಂದಲೇ ಒಂದು, ಎರಡು, ಮೂರು ಎಂದು ಮಂಚದ ನಂಬರು ಕೂಗಿ ಹಾಜರಿ ಹಾಕುತ್ತಿದ್ದಳು. ಪ್ರತಿಯೊಬ್ಬರೂ "ಇದ್ದೀನಿ" ಅನ್ನಬೇಕಿತ್ತು. ಮೂರನೇ ಮಂಚದ ಸ್ಟುಡಿಯೋ ಅಜ್ಜ ಮಾತ್ರ "ಇನ್ನೂ ಇದ್ದೀನಿ" ಎಂದು ಗೊಣಗುತ್ತಿದ್ದ.

ಈ ಅಜ್ಜ ಐವತ್ತು ವರ್ಷ ಊರಿನವರಿಗೆಲ್ಲ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆದವನು. ಅವನ ಮಗಳು ಅಳಿಯ ಕೊನೆಯ ಸಲ ನೋಡಲೆಂದು ಆಗಲೇ ಮೂರು ಸಲ ಬಂದುಹೋಗಿದ್ದರು. ಆಡಬೇಕಾದ ಮಾತನ್ನೆಲ್ಲ ಮೊದಲ ಸಲವೇ ಅತ್ತು ಆಡಿ ಮುಗಿಸಿದ್ದರಿಂದ, ಮೂರನೇ ಸಲ ಅಳಿಯ ಬಸ್ಸಿನ ರಶ್ಶಿನ ಬಗ್ಗೆ ಅರ್ಧ ಗಂಟೆ ಮಾತಾಡಿದ್ದ. ಅಜ್ಜನಿಗೆ ಮೂಳೆಮೂಳೆಯಲ್ಲೂ ಆಯಾಸ. ಒಮ್ಮೆ ಹೋಗಲು ಬಿಟ್ಟರೆ ಸಾಕಾಗಿತ್ತು.

ಸೂಪರಿಂಟೆಂಡೆಂಟರು ಮೆಟ್ಟಿಲಿಳಿದ ಮೇಲೆ ಸಿಸ್ಟರ್ ಅಜ್ಜನ ಗಡ್ಡ ಹೆರೆಯಲು ಕೂತಳು. ಆಗಲೂ ಒಂದು ಕೈ ಅವನ ಮಣಿಕಟ್ಟು ಬಿಟ್ಟಿರಲಿಲ್ಲ. ನಿಮ್ಮೋರು ಯಾರು ಹೋದ್ರು ಎಂದು ಅಜ್ಜ ನೆಟ್ಟಗೆ ಕೇಳಿಬಿಟ್ಟ. ಯಾರಿಗೂ ಹೇಳದಿದ್ದುದನ್ನು ಅವಳು ಸೋಪಿನ ನೊರೆಗೆ ಹೇಳುವಂತೆ ಹೇಳಿದಳು. ಎಂಟು ತಿಂಗಳಾಯಿತು. ಅಮ್ಮ ಇದೇ ಆಸ್ಪತ್ರೆಯಲ್ಲಿ, ಇದೇ ಮಹಡಿಯಲ್ಲಿದ್ದಳು. ರಜೆ ಹಾಕಿ ಒಂಬತ್ತು ದಿನ ಪಕ್ಕದಿಂದ ಅಲ್ಲಾಡದೆ ಕೂತಿದ್ದಾಯಿತು. ಒಂಬತ್ತನೇ ದಿನ ಮಧ್ಯಾಹ್ನ ಅಮ್ಮ ಕಣ್ಣು ಬಿಟ್ಟು, ಕೆಳಗೆ ಯಾರೋ ಕೂಗ್ತಿದಾರೆ, ನಿನ್ನ ಸ್ಕೂಟರ್ ದಾರಿಗೆ ಅಡ್ಡ ಇದೆಯಂತೆ, ತೆಗೆದು ಬಾ ಹೋಗು ಅಂದಳು. ಇವಳು ಓಡಿದಳು. ಸ್ಕೂಟರ್ ಅದರ ಜಾಗದಲ್ಲೇ ಸರಿಯಾಗಿ ನಿಂತಿತ್ತು. ಕೂಗಿದವರು ಯಾರೂ ಇರಲಿಲ್ಲ. ನಾಲ್ಕೇ ನಿಮಿಷ, ವಾಪಸ್ಸು ಮೇಲೆ ಬರುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ಸ್ಕೂಟರನ್ನು ಆ ವಾರವೇ ಮಾರಿ ಆಗಿತ್ತು, ಆದರೆ ಆ ನಾಲ್ಕು ನಿಮಿಷವನ್ನು ಯಾರಿಗೂ ಮಾರಲು ಬರುವಂತಿರಲಿಲ್ಲ.

ಅಜ್ಜ ಅರ್ಧ ಹೆರೆದ ಗಲ್ಲವನ್ನು ಅವಳ ಕಡೆ ತಿರುಗಿಸಿದ.

"ನಿಮ್ಮಮ್ಮಂಗೆ ಕಿವಿ ಚೆನ್ನಾಗಿ ಕೇಳಿಸ್ತಿತ್ತಾ ಸಿಸ್ಟರಮ್ಮ?"

"ಎಲ್ಲಿ ಬಂತು. ಪಕ್ಕದಲ್ಲೇ ಕೂತು ಕೂಗಿದ್ರೂ ಕೇಳಿಸ್ತಿರಲಿಲ್ಲ."

"ಅಂಥವರಿಗೆ ಮೂರು ಮಹಡಿ ಕೆಳಗಿಂದ ಕೂಗಿದ್ದು ಕೇಳಿಸ್ತಾ?"

ಸಿಸ್ಟರ್ ರೇಜರನ್ನು ನೀರಿನ ಬಟ್ಟಲಲ್ಲಿ ಬಿಟ್ಟಳು. ಎಂಟು ತಿಂಗಳಲ್ಲಿ ಒಂದು ದಿನವೂ ಹೊಳೆಯದ ಮಾತು ಅದು. ಮೊದಲು ಅವಳಿಗೆ ಬಂದದ್ದು ಸಿಟ್ಟು, ತಾಯಿಯ ಮೇಲೆ ಮೈ ಉರಿಯುವಂಥ ಸಿಟ್ಟು. ನನ್ನನ್ನೇ ಸುಳ್ಳು ಹೇಳಿ ಆಚೆ ಕಳಿಸಿದಳಾ ಎಂದುಕೊಂಡಳು. ಅದರ ಹಿಂದೆಯೇ ಅಳು ಬಂತು. ಉಳಿದ ಐದು ಜನ ಮಲಗಿದಲ್ಲೇ ಕಿವಿ ನಿಮಿರಿಸಿಕೊಂಡು, ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ನಟಿಸಿದರು. ಅಜ್ಜ ತನ್ನ ಕಸುಬಿನ ಗುಟ್ಟೊಂದನ್ನು ಹೇಳಿದ. ಎದುರಿಗೆ ನಿಂತು ದಿಟ್ಟಿಸಿದರೆ ಯಾರ ಮುಖವೂ ಸಡಿಲವಾಗುವುದಿಲ್ಲವಂತೆ. ಅದಕ್ಕೇ ಅವನು ಒಮ್ಮೆ ಕಿಟಕಿಯ ಕಡೆ ತಿರುಗಿ ಆಮೇಲೆ ಬಟನ್ ಒತ್ತುತ್ತಿದ್ದನಂತೆ. ಬೇರೆಯವರು ದಿಟ್ಟಿಸಿದರೆ ಹೇಗೋ ಪರವಾಗಿಲ್ಲ, ಹೆತ್ತ ಮಕ್ಕಳು ದಿಟ್ಟಿಸುತ್ತ ಕೂತರಂತೂ ಬಿಟ್ಟುಹೋಗುವುದು ತುಂಬಾ ಕಷ್ಟ ಎಂದ.

ಅವಳು ಮೂಗು ಒರೆಸಿಕೊಂಡು ಉಳಿದರ್ಧ ಗಡ್ಡ ಹೆರೆದು ಮುಗಿಸಿದಳು. ಒದ್ದೆ ಬಟ್ಟೆಯಿಂದ ಮುಖ ಒರೆಸಿ ತಲೆ ಬಾಚಿದಳು. ಅಜ್ಜ ಒಮ್ಮೆ ಕಿಟಕಿಯ ಕಡೆ ನೋಡಿದ. ಹೊರಗೆ ಒಂದು ಸದ್ದೂ ಇರಲಿಲ್ಲ.

"ಸಿಸ್ಟರಮ್ಮ, ಕೆಳಗೆ ಯಾರೋ ಕೂಗ್ತಿದಾರೆ. ನಿಮ್ಮ ಸ್ಕೂಟರ್ ತೆಗೀಬೇಕಂತೆ."

ಅವಳು ಬಹಳ ಹೊತ್ತು ಅವನ ಮಣಿಕಟ್ಟು ಹಿಡಿದೇ ಇದ್ದಳು. ಆಮೇಲೆ ಆ ಕೈಯನ್ನು ಹೊದಿಕೆಯೊಳಗೆ ಇಟ್ಟು ಎದ್ದಳು. ಬಾಗಿಲ ಬಳಿ ಹಾಜರಿ ಕೂಗಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಒಂದೊಂದೇ ಮೆಟ್ಟಿಲು, ಕಂಬಿ ಹಿಡಿದುಕೊಂಡು ಇಳಿದಳು.

ವಾಹನ ನಿಲ್ಲಿಸುವ ಜಾಗದಲ್ಲಿ ಬಿಸಿಲು ಹೊಡೆಯುತ್ತಿತ್ತು. ಇಪ್ಪತ್ತಮೂರು ದಿನಗಳ ಮೇಲೆ ಅವಳನ್ನು ಕಂಡ ವಾಚ್‌ಮನ್ ಸ್ಟೂಲಿನಿಂದ ಎದ್ದು ನಿಂತು ಏನಾಯಿತೆಂದು ವಿಚಾರಿಸಿದ.

"ನನ್ನ ಸ್ಕೂಟರ್ ದಾರಿಗೆ ಅಡ್ಡ ಇದೆಯಂತೆ," ಎಂದಳು.

ವಾಚ್‌ಮನ್ ಖಾಲಿ ನೆಲ ನೋಡಿದ, ಅವಳ ಮುಖ ನೋಡಿದ. ಆಸ್ಪತ್ರೆಯ ಗೇಟಿನಲ್ಲಿ ಹತ್ತು ವರ್ಷ ಕೂತವನು.

"ಹೌದು ಸಿಸ್ಟರ್," ಎಂದ. "ಸ್ವಲ್ಪ ಪಕ್ಕಕ್ಕೆ ಇಡಿ."

ಅವಳು ಗಾಳಿಯಲ್ಲಿ ಎರಡು ಕೈ ಚಾಚಿ ಹ್ಯಾಂಡಲ್ ಹಿಡಿದಳು. ಭಾರವಾಗಿತ್ತು. ಅಳುತ್ತಲೇ ತಳ್ಳಿಕೊಂಡು ಹೋಗಿ ಗೋಡೆಯ ಪಕ್ಕ ನೆರಳಿನಲ್ಲಿ ನಿಲ್ಲಿಸಿ, ಕಾಲಿನಿಂದ ಸ್ಟ್ಯಾಂಡ್ ಹಾಕಿದಳು.